ತಿಂಡಿಗೆ ಮೊದಲಿನ ಓಟ

ನಾನು ಬೆಳಿಗ್ಗೆ ಏನೂ ತಿನ್ನದೆ ಓಡುತ್ತೇನೆ. ಹಲವು ವರ್ಷಗಳ ರೂಢಿ ಇದು. ವಾರದಲ್ಲಿ ಮೂರ್ನಾಲ್ಕು ದಿನ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ನಿಧಾನದ ಓಟ, ಒಂದು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು, ಭಾನುವಾರ ಉದ್ದದ ಓಟ. ಹೊಸದಾಗಿ ಓಡಲು ಬಂದವರು ಕೇಳುವ ಮೊದಲ ಪ್ರಶ್ನೆ, "ಅಕ್ಕಾ, ತಲೆ ಸುತ್ತಲ್ವಾ?" ಎರಡನೆಯದು, "ಹೀಗೆ ಮಾಡಿದ್ರೆ ಹೊಟ್ಟೆ ಬೇಗ ಕರಗುತ್ತಂತೆ, ಹೌದಾ?" ಎರಡಕ್ಕೂ ನನ್ನ ಉತ್ತರ ಇಲ್ಲ ಅಂತಲೇ. ಯಾಕೆ ಇಲ್ಲ ಅನ್ನೋದು ಗೊತ್ತಾದರೆ, ಯಾವ ದಿನ ತಿನ್ನದೆ ಹೋಗಬಹುದು, ಯಾವ ದಿನ ತಿಂದೇ ಹೋಗಬೇಕು ಎಂದು ನೀವೇ ನಿರ್ಧರಿಸಬಹುದು.

ನಾನು ಇದನ್ನು ಶುರು ಮಾಡಿದ್ದು ಯಾವ ಪಥ್ಯ ನಂಬಿಯೂ ಅಲ್ಲ. ಎಂಟಕ್ಕೆ ಮಗಳ ಸ್ಕೂಲ್ ವ್ಯಾನ್ ಬರುತ್ತದೆ. ಅಷ್ಟರೊಳಗೆ ಓಟ, ಸ್ನಾನ, ಅವಳ ಡಬ್ಬಿ ಎಲ್ಲ ಮುಗಿಯಬೇಕು. ಐದೂವರೆಗೆ ಎದ್ದು, ತಿಂದು, ಅದು ಇಳಿಯುವ ತನಕ ಕಾಯುತ್ತ ಕೂರಲು ಆಗುವುದಿಲ್ಲ. ತಿಂದ ಕೂಡಲೇ ಓಡಿದರೆ ಪಕ್ಕೆ ಹಿಡಿಯುತ್ತದೆ, ಹುಳಿ ತೇಗು ಬರುತ್ತದೆ. ಓಡುವಾಗ ರಕ್ತ ಕಾಲಿನ ಸ್ನಾಯುಗಳ ಕಡೆ ಹೆಚ್ಚು ಹರಿಯುತ್ತದೆ, ಹೊಟ್ಟೆಯ ಪಾಲು ಕಡಿಮೆಯಾಗುತ್ತದೆ. ಹಾಗಾಗಿ ಅರಗುವ ಕೆಲಸ ನಿಧಾನವಾಗುತ್ತದೆ. ನಮ್ಮೂರಿನ ಗರಡಿ ಮನೆಗಳಲ್ಲಿ ಪೈಲ್ವಾನರು ಬೆಳಗಿನ ಜಾವ ಸಾಮು ಮುಗಿಸಿ ಆಮೇಲೆ ಬಾದಾಮಿ ಹಾಲು ಕುಡಿಯುವುದು. ಯೋಗ ಕಲಿಸುವವರೂ ಹೊಟ್ಟೆ ಖಾಲಿ ಇರಲಿ ಅಂತಲೇ ಹೇಳುತ್ತಾರೆ. ಮುಂದಕ್ಕೆ ಬಾಗುವ ಆಸನಗಳನ್ನು ಇಡ್ಲಿ ತಿಂದು ಮಾಡಿ ನೋಡಿ, ಕಾರಣ ತಾನೇ ಗೊತ್ತಾಗುತ್ತದೆ.

ಈಗ ತಲೆ ಸುತ್ತುವ ವಿಷಯ. ರಾತ್ರಿ ಎಂಟೂವರೆಗೆ ಮುದ್ದೆ, ಸೊಪ್ಪಿನ ಸಾರು, ಸ್ವಲ್ಪ ಅನ್ನ ಉಂಡು ಮಲಗಿದರೆ ಬೆಳಿಗ್ಗೆ ಆರಕ್ಕೆ ಹೊಟ್ಟೆ ಖಾಲಿ ನಿಜ. ಮೈ ಖಾಲಿ ಅಲ್ಲ. ನಾವು ತಿಂದ ಅನ್ನ, ರಾಗಿ ಎಲ್ಲ ಗ್ಲೂಕೋಸ್ ಆಗಿ, ಅದರಲ್ಲೊಂದು ಪಾಲು ಗ್ಲೈಕೋಜೆನ್ ರೂಪದಲ್ಲಿ ಎರಡು ಕಡೆ ಸೇರಿಕೊಂಡಿರುತ್ತದೆ. ಒಂದು ಯಕೃತ್ತು, ಅಂದರೆ ಲಿವರ್. ಅಲ್ಲಿ ಹಿಡಿಸುವುದು ಸುಮಾರು 100 ಗ್ರಾಂ. ಇನ್ನೊಂದು ಸ್ನಾಯುಗಳು. ಅಲ್ಲಿ 300ರಿಂದ 500 ಗ್ರಾಂ ತನಕ ಇರುತ್ತದೆ. ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಓಡಾಡುವ ಸಕ್ಕರೆ ಮಾತ್ರ ತೀರಾ ಸ್ವಲ್ಪ, 4–5 ಗ್ರಾಂ. ಒಂದು ಟೀ ಚಮಚ ಅನ್ನಿ. ಇಡೀ ಮೈಯ ರಕ್ತದಲ್ಲಿ ಇರುವುದು ಅಷ್ಟೇ.

ಆ ಒಂದು ಚಮಚವನ್ನು ಏರದಂತೆ ಇಳಿಯದಂತೆ ನೋಡಿಕೊಳ್ಳುವುದರಲ್ಲಿ ಲಿವರ್‌ನ ಪಾತ್ರ ದೊಡ್ಡದು. ಮೆದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ, ನಾವು ಮಲಗಿದ್ದರೂ ಅದಕ್ಕೆ ಬಿಡುವಿಲ್ಲ. ರಾತ್ರಿಯಿಡೀ ಅದಕ್ಕೆ ಬಡಿಸುವುದು ಲಿವರ್. ಆದ್ದರಿಂದ ಬೆಳಗಾಗುವಾಗ ಲಿವರ್‌ನ ದಾಸ್ತಾನು ಬಹಳಷ್ಟು ಇಳಿದಿರುತ್ತದೆ. ಆದರೆ ಸ್ನಾಯುಗಳಲ್ಲಿ ಇಟ್ಟಿದ್ದು ನಿದ್ದೆಯಲ್ಲಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಸಂಗತಿ ಇದು: ಸ್ನಾಯು ತನ್ನಲ್ಲಿರುವ ಗ್ಲೈಕೋಜೆನ್ನನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡಲಾರದು. ಅದಕ್ಕೆ ಬೇಕಾದ ಕಿಣ್ವ ಲಿವರ್‌ನಲ್ಲಿದೆ, ಸ್ನಾಯುವಿನಲ್ಲಿ ಇಲ್ಲ. ತೊಡೆಯಲ್ಲಿ ಇದ್ದದ್ದು ತೊಡೆಗೇ ಮೀಸಲು. ಹಾಗಾಗಿ ಆರು ಗಂಟೆಗೆ ನನ್ನ ಕಾಲುಗಳು ಓಟಕ್ಕೆ ತಯಾರಾಗಿಯೇ ಇರುತ್ತವೆ. ಅದರ ಮೇಲೆ ಲಿವರ್ ಸುಮ್ಮನೆ ಕೂತಿರುವುದಿಲ್ಲ. ಸ್ನಾಯುವಿನಿಂದ ಬಂದ ಲ್ಯಾಕ್ಟೇಟ್, ಕೊಬ್ಬು ಒಡೆದಾಗ ಬರುವ ಗ್ಲಿಸರಾಲ್, ಕೆಲವು ಅಮೈನೋ ಆಮ್ಲಗಳು ಇವುಗಳಿಂದ ಹೊಸದಾಗಿ ಗ್ಲೂಕೋಸ್ ತಯಾರಿಸುತ್ತಲೇ ಇರುತ್ತದೆ. ಬೆಳಗಿನ ಹೊತ್ತು ಕಾರ್ಟಿಸಾಲ್ ಹಾರ್ಮೋನ್ ಏರಿರುವುದರಿಂದ ಆ ಕೆಲಸಕ್ಕೆ ಕುಮ್ಮಕ್ಕೂ ಸಿಗುತ್ತದೆ.

ಬೆಳಿಗ್ಗೆ ಓಡುವವರಿಗೆ ತಲೆ ಹಗುರಾದಂತೆ ಆಗುವುದಕ್ಕೆ ಬಹಳ ಸಲ ಸಕ್ಕರೆಗಿಂತ ನೀರು ಕಾರಣ. ಏಳೆಂಟು ಗಂಟೆ ಏನೂ ಕುಡಿಯದೆ ಮಲಗಿ, ಎದ್ದವರೇ ಶೂ ಕಟ್ಟಿಕೊಂಡು ಹೊರಟರೆ ಹಾಗಾಗುತ್ತದೆ. ನಾನು ಎದ್ದ ಕೂಡಲೇ ಒಂದು ದೊಡ್ಡ ಲೋಟ ನೀರು ಕುಡಿದು, ಹತ್ತು ನಿಮಿಷ ಮನೆ ಕೆಲಸ ಮಾಡಿ ಆಮೇಲೆ ಹೊರಡುತ್ತೇನೆ.

ಲೆಕ್ಕ ಹಾಕಿ ನೋಡಿದರೆ ಇನ್ನೂ ಧೈರ್ಯ ಬರುತ್ತದೆ. ಓಟಕ್ಕೆ ಒಂದು ಅಂದಾಜು ಇದೆ: ಪ್ರತಿ ಕಿಲೋಮೀಟರಿಗೆ, ಮೈತೂಕದ ಪ್ರತಿ ಕೆಜಿಗೆ ಸುಮಾರು 1 ಕ್ಯಾಲೊರಿ. ನನ್ನ ತೂಕ 60 ಕೆಜಿ. 8 ಕಿಲೋಮೀಟರ್ ಓಡಿದರೆ 480 ಕ್ಯಾಲೊರಿ. ನಿಧಾನದ ಓಟದಲ್ಲಿ ಅದರ ಅರ್ಧ ಕೊಬ್ಬಿನಿಂದ ಬಂತು ಅಂತ ಇಟ್ಟುಕೊಳ್ಳಿ. ಆಗ ಸುಮಾರು 27 ಗ್ರಾಂ ಕೊಬ್ಬು, 60 ಗ್ರಾಂ ಸಕ್ಕರೆ ಖರ್ಚು. ಸ್ನಾಯುಗಳಲ್ಲೇ 300 ಗ್ರಾಂ ಇರುವಾಗ 60 ಗ್ರಾಂ ದೊಡ್ಡ ವಿಷಯವೇ ಅಲ್ಲ. ಒಂದು ಗಂಟೆಯ ಹಗುರ ಓಟಕ್ಕೆ ತಿಂಡಿ ಬೇಕೇ ಬೇಕು ಅನ್ನುವುದು ಆರೋಗ್ಯವಂತರ ಮಟ್ಟಿಗೆ ನಿಜವಲ್ಲ.

ಹಾಗಾದರೆ ಕೊಬ್ಬಿನ ದಾಸ್ತಾನು ಎಷ್ಟು? ಒಂದು ಕೆಜಿ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ತೆಳ್ಳಗೆ ಕಾಣುವವರ ಮೈಯಲ್ಲೂ ಏಳೆಂಟು ಕೆಜಿ ಕೊಬ್ಬು ಇರುತ್ತದೆ. ಲೆಕ್ಕದಲ್ಲಿ ಇಲ್ಲಿಂದ ಧಾರವಾಡಕ್ಕೆ ಓಡಿಹೋಗುವಷ್ಟು ಇಂಧನ. ಆದರೂ ಯಾರೂ ಕೊಬ್ಬಿನ ಬಲದ ಮೇಲೆ ನೂರು ಮೀಟರ್ ಓಟ ಗೆಲ್ಲಲಾರರು. ನಮ್ಮ ಮನೆಗಳ ಸಂಪ್ ಮತ್ತು ಮೇಲಿನ ಟ್ಯಾಂಕ್ ನೆನೆಸಿಕೊಳ್ಳಿ. ಸಂಪ್‌ನಲ್ಲಿ ನೀರು ಎಷ್ಟೇ ಇರಲಿ, ಮೋಟರ್ ಎತ್ತಿಕೊಡುವುದು ತನ್ನ ವೇಗದಲ್ಲಿ. ಒಂದು ನಲ್ಲಿ ಸಣ್ಣಗೆ ಬಿಟ್ಟರೆ ಮೇಲಿನ ಟ್ಯಾಂಕ್ ಇಳಿಯುವುದೇ ಗೊತ್ತಾಗುವುದಿಲ್ಲ. ಮನೆಯ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿದರೆ, ಕೆಳಗೆ ಸಂಪ್ ತುಂಬಿ ತುಳುಕುತ್ತಿದ್ದರೂ ಮೇಲೆ ಟ್ಯಾಂಕ್ ಬರಿದಾಗುತ್ತದೆ. ಕೊಬ್ಬು ಸಂಪ್, ಗ್ಲೈಕೋಜೆನ್ ಮೇಲಿನ ಟ್ಯಾಂಕ್. ಕೊಬ್ಬು ತನ್ನ ಕೋಶದಿಂದ ಬಿಡುಗಡೆಯಾಗಿ, ರಕ್ತದಲ್ಲಿ ಸಾಗಿ, ಸ್ನಾಯುವಿನ ಮೈಟೊಕಾಂಡ್ರಿಯಾ ಒಳಗೆ ಹೋಗಿ ಉರಿಯಬೇಕು. ಅಷ್ಟೇ ಶಕ್ತಿ ಕೊಡಲು ಸಕ್ಕರೆಗಿಂತ ಜಾಸ್ತಿ ಆಮ್ಲಜನಕವೂ ಬೇಕು. ಹಾಗಾಗಿ ವೇಗ ಹೆಚ್ಚಿದಂತೆ ಮೈ ಕೊಬ್ಬಿನಿಂದ ಸಕ್ಕರೆಯ ಕಡೆ ವಾಲುತ್ತದೆ. ಜಾರ್ಜ್ ಬ್ರೂಕ್ಸ್ ಮತ್ತು ಜಾಕ್ ಮರ್ಸಿಯೇ ಎಂಬ ವಿಜ್ಞಾನಿಗಳು 1994ರಲ್ಲಿ ಈ ದಾಟುವ ಜಾಗದ ಬಗ್ಗೆ ಬರೆದದ್ದನ್ನೇ ಈಗಲೂ ತರಬೇತುದಾರರು ಹೇಳಿಕೊಡುತ್ತಾರೆ.

ಆ ಜಾಗ ತಿಳಿಯಲು ನನಗೆ ಯಾವ ಯಂತ್ರವೂ ಬೇಡ. ಪಕ್ಕದಲ್ಲಿ ಓಡುವವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ನಿನ್ನೆ ಮನೆಗೆ ಯಾರು ಬಂದಿದ್ದರು, ಏನು ಅಡುಗೆ ಮಾಡಿದಿರಿ ಅಂತ ಉಸಿರು ಕಟ್ಟದೆ ಹೇಳಲು ಆದರೆ ಕೊಬ್ಬು ಒಳ್ಳೆಯ ಪಾಲು ಕೊಡುತ್ತಿದೆ ಎಂದರ್ಥ. ಮಾತು ಎರಡೆರಡು ಪದಕ್ಕೆ ಇಳಿದರೆ ಟ್ಯಾಂಕಿನ ನೀರು ಹೋಗುತ್ತಿದೆ. ತಿನ್ನದೆ ಹೋದ ದಿನ ನಾನು ಮಾತು ತುಂಡಾಗಲು ಬಿಡುವುದಿಲ್ಲ.

ಮನೆಯಲ್ಲಿ ಅಮ್ಮನಿಗೆ ಶುಗರ್ ಇದೆ, ಹಾಗಾಗಿ ಗ್ಲೂಕೋಮೀಟರ್ ಇದೆ. ನನಗೆ ಶುಗರ್ ಇಲ್ಲ. ಆದರೂ ಕುತೂಹಲಕ್ಕೆ ಓಟದ ಮೊದಲು, ಆಮೇಲೆ ಬೆರಳು ಚುಚ್ಚಿ ನೋಡತೊಡಗಿದೆ. ಓಡಿ ಬಂದ ಕೈಯಲ್ಲಿ ಬೆವರು ಇರುತ್ತದೆ. ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿ, ಉಂಗುರದ ಬೆರಳಿನ ಪಕ್ಕಕ್ಕೆ ಚುಚ್ಚಬೇಕು. ಬೆರಳ ತುದಿಯ ನಡುವೆ ಚುಚ್ಚಿದರೆ ನೋವು ಜಾಸ್ತಿ. ಬೆರಳಿಗೆ ಬೆಲ್ಲದ ಅಂಟು ಸ್ವಲ್ಪ ಇದ್ದರೂ ಅಂಕಿ ಸುಳ್ಳು ಹೇಳುತ್ತದೆ. ಕೆರೆ ಸುತ್ತ ಒಂದು ಗಂಟೆ ನಿಧಾನ ಓಡಿದ ದಿನ ಹೋಗುವಾಗ 91, ಬಂದಾಗ 87, ಹೀಗೆ. ಹೆಚ್ಚಿನ ವ್ಯತ್ಯಾಸವೇ ಇಲ್ಲ. ಮನೆಯ ಮೆಷಿನ್‌ಗಳಲ್ಲಿ ಅಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಬೆಟ್ಟದ ದಿನ ಕಂಡದ್ದು ಬೇರೆ. ಚಾಮುಂಡಿ ಬೆಟ್ಟಕ್ಕೆ ಸಾವಿರ ಚಿಲ್ಲರೆ ಮೆಟ್ಟಿಲು. ಕೆಳಗಿನ ಮೆಟ್ಟಿಲುಗಳಲ್ಲೇ ಉಸಿರು ಏರುತ್ತದೆ, ದೊಡ್ಡ ನಂದಿಯ ಹತ್ತಿರ ಬರುವಷ್ಟರಲ್ಲಿ ತೊಡೆ ಉರಿಯುತ್ತಿರುತ್ತದೆ. ಏನೂ ತಿನ್ನದೆ ಜೋರಾಗಿ ಹತ್ತಿ, ಮೇಲೆ ಕೂತು ಬೆರಳು ಚುಚ್ಚಿದರೆ 118. ಏನೂ ತಿಂದಿಲ್ಲ, ಇಷ್ಟು ದುಡಿದಿದ್ದೇನೆ, ಸಕ್ಕರೆ ಏರಿದೆ! ಕಾರಣ ಅಡ್ರಿನಲಿನ್. ಜೋರಾದ ದುಡಿಮೆಯಲ್ಲಿ ಅದು ಉಕ್ಕಿ, ಲಿವರ್‌ಗೆ ಇರೋದನ್ನೆಲ್ಲ ಬಿಡು ಅನ್ನುತ್ತದೆ. ಸ್ನಾಯುಗಳು ಎಳೆದುಕೊಳ್ಳುವುದಕ್ಕಿಂತ ಜಾಸ್ತಿ ಸಕ್ಕರೆ ರಕ್ತಕ್ಕೆ ಬಂದುಬಿಡುತ್ತದೆ. ಮೊದಲೇ ಇಳಿದಿದ್ದ ದಾಸ್ತಾನು ಆಗ ಇನ್ನಷ್ಟು ಇಳಿಯುತ್ತದೆ. ಒಂದು ಸಲ ಹತ್ತಿ ಇಳಿಯುವುದಕ್ಕೆ ತೊಂದರೆ ಇಲ್ಲ. ಎರಡು ಮೂರು ಸಲ ಹತ್ತುವ ದಿನ ಕೊನೆಯ ಸುತ್ತಿನಲ್ಲಿ ಕಾಲು ಏಳುವುದಿಲ್ಲ, ಸಿಡುಕು ಬರುತ್ತದೆ, ಮೆಟ್ಟಿಲಿನ ಮೇಲೆ ಗಮನ ತಪ್ಪುತ್ತದೆ. ಇಳಿಯುವಾಗ ಗಮನ ತಪ್ಪಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಹಾಗಾಗಿ ಬೆಟ್ಟದ ದಿನ ನಾನು ಎರಡು ಏಲಕ್ಕಿ ಬಾಳೆಹಣ್ಣು ತಿಂದೇ ಹೋಗುತ್ತೇನೆ.

ಯಾವಾಗ ತಿನ್ನಬೇಕು ಅನ್ನೋದು ಕೂಡ ಮುಖ್ಯ. ಸಿಹಿ ತಿಂದ ಮೇಲೆ ಇನ್ಸುಲಿನ್ ಏರುತ್ತದೆ. ಸುಮಾರು ಮುಕ್ಕಾಲು ಗಂಟೆಗೆ ಓಟ ಶುರು ಮಾಡಿದರೆ ಇನ್ಸುಲಿನ್ ಒಂದು ಕಡೆ, ದುಡಿಯುವ ಸ್ನಾಯು ಇನ್ನೊಂದು ಕಡೆ ಸಕ್ಕರೆಯನ್ನು ಎಳೆಯುತ್ತವೆ. ಕೆಲವರಿಗೆ ಮೊದಲ ಹದಿನೈದು ಇಪ್ಪತ್ತು ನಿಮಿಷ ಕೈ ನಡುಗಿದಂತೆ, ಬೆವರು ಒಡೆದಂತೆ ಆಗುವುದು ಅದರಿಂದಲೇ. ಹಾಗಾಗಿ ನಾನು ಬಾಳೆಹಣ್ಣನ್ನು ಬೆಟ್ಟದ ಬುಡದಲ್ಲಿ, ಹತ್ತುವ ಐದು ನಿಮಿಷ ಮೊದಲು ತಿನ್ನುತ್ತೇನೆ. ಅಷ್ಟು ಹತ್ತಿರ ತಿಂದರೆ, ಇನ್ಸುಲಿನ್ ಪೂರ್ತಿ ಏರುವ ಮೊದಲೇ ದುಡಿಮೆ ಶುರುವಾಗಿ ಅದನ್ನು ತಡೆಯುತ್ತದೆ. ಹೊಟ್ಟೆ ತುಂಬ ತಿಂಡಿ ತಿಂದರೆ ಎರಡು ಮೂರು ಗಂಟೆ ಬಿಡಬೇಕು.

ಉದ್ದದ ಓಟಕ್ಕೆ ಬಂದರೆ ಖಾಲಿ ಹೊಟ್ಟೆಯ ಹಟ ಬೇಡವೇ ಬೇಡ. ಪೂರ್ತಿ ಮ್ಯಾರಥಾನ್ 42.2 ಕಿಲೋಮೀಟರ್. ನನ್ನ ತೂಕಕ್ಕೆ 2,500 ಕ್ಯಾಲೊರಿ ಹತ್ತಿರ. ಮೈಯ ಗ್ಲೈಕೋಜೆನ್ ಎಲ್ಲ ಸೇರಿದರೂ 1,600–2,400 ಕ್ಯಾಲೊರಿ. ಓಟಗಾರರು 30 ಕಿಲೋಮೀಟರ್ ಆದ ಮೇಲೆ ಗೋಡೆಗೆ ಡಿಕ್ಕಿ ಹೊಡೆದ ಹಾಗೆ ನಿಂತುಬಿಡುವುದು ಈ ಲೆಕ್ಕದಲ್ಲೇ ಇದೆ. ಇದು ಇವತ್ತು ನಿನ್ನೆ ಗೊತ್ತಾದದ್ದೂ ಅಲ್ಲ. 1924ರಲ್ಲಿ ಬಾಸ್ಟನ್ ಮ್ಯಾರಥಾನ್ ಮುಗಿಸಿ ಬಂದವರ ರಕ್ತವನ್ನು ವೈದ್ಯರು ಪರೀಕ್ಷಿಸಿದರು. ಬಹಳ ಸುಸ್ತಾಗಿ, ಮಂಕಾಗಿ ಬಂದವರಲ್ಲಿ ಸಕ್ಕರೆ ತೀರಾ ಇಳಿದಿತ್ತು. ಮರುವರ್ಷ ಓಟಗಾರರಿಗೆ ಹಿಂದಿನ ದಿನ ಅನ್ನ ಬ್ರೆಡ್ಡಿನಂಥ ಪಿಷ್ಟದ ಊಟ ಜಾಸ್ತಿ ಮಾಡಲು ಹೇಳಿ, ದಾರಿಯಲ್ಲಿ ಮಿಠಾಯಿ ಕೊಟ್ಟರು. ಈ ಸಲ ಸಕ್ಕರೆ ಇಳಿಯಲಿಲ್ಲ, ಓಟಗಾರರೂ ಲವಲವಿಕೆಯಿಂದ ಬಂದರು. ಅದಾದ ನಲವತ್ತು ವರ್ಷಕ್ಕೆ, 1966ರಲ್ಲಿ, ಸ್ವೀಡನ್ನಿನ ಬೆರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್ ಇಬ್ಬರೂ ಒಂದೇ ಕಾಲಿನಿಂದ ಸೈಕಲ್ ತುಳಿದು, ತಮ್ಮದೇ ತೊಡೆಯಿಂದ ಸೂಜಿಯಲ್ಲಿ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ದುಡಿದ ಕಾಲಿನ ಗ್ಲೈಕೋಜೆನ್ ಬರಿದಾಗಿತ್ತು, ಸುಮ್ಮನಿದ್ದ ಕಾಲಿನದ್ದು ಹಾಗೇ ಇತ್ತು. ಆಮೇಲೆ ಮೂರು ದಿನ ಪಿಷ್ಟದ ಊಟ ಮಾಡಿದಾಗ, ದುಡಿದ ಕಾಲು ಇನ್ನೊಂದಕ್ಕಿಂತ ಸುಮಾರು ಎರಡು ಪಟ್ಟು ತುಂಬಿಕೊಂಡಿತ್ತು. ತಮ್ಮ ಕಾಲನ್ನೇ ಪ್ರಯೋಗಕ್ಕೆ ಕೊಟ್ಟ ಅವರ ಬಗ್ಗೆ ನನಗೆ ಬಹಳ ಗೌರವ.

ನನ್ನ ಭಾನುವಾರದ ಓಟ ಒಂದೂವರೆ ಗಂಟೆ ದಾಟುತ್ತದೆ. ಹಿಂದಿನ ರಾತ್ರಿ ಅನ್ನ ಒಂದು ಸೌಟು ಜಾಸ್ತಿ. ಬೆಳಿಗ್ಗೆ ತೆಳ್ಳಗಿನ ರಾಗಿ ಗಂಜಿ ಬೆಲ್ಲ ಹಾಕಿ ಅರ್ಧ ಲೋಟ, ಅದರ ಜೊತೆ ಒಂದು ಬಾಳೆಹಣ್ಣು. ದಾರಿಗೆ ಬೀಜ ತೆಗೆದ ಖರ್ಜೂರ ಸಣ್ಣ ಪೊಟ್ಟಣದಲ್ಲಿ. ಎರಡು ಗಂಟೆ ಹತ್ತಿರದ ಓಟಕ್ಕೆ ಗಂಟೆಗೆ 30 ಗ್ರಾಂ ಸಕ್ಕರೆ ಸಾಕು ಅನ್ನುವ ಲೆಕ್ಕ ಇದೆ, ಅದಕ್ಕೂ ಉದ್ದ ಓಡುವವರಿಗೆ 60 ಗ್ರಾಂ. ಅಂಗಡಿಯಲ್ಲಿ ಸಿಗುವ ಜೆಲ್ ಒಂದರಲ್ಲಿ ಸಾಮಾನ್ಯವಾಗಿ 20–25 ಗ್ರಾಂ ಇರುತ್ತದೆ. ಅಷ್ಟೇ ಸಕ್ಕರೆ ಮೂರ್ನಾಲ್ಕು ಸಣ್ಣ ಖರ್ಜೂರದಲ್ಲೂ ಸಿಗುತ್ತದೆ, ಬೆಲೆ ಬಹಳ ಕಡಿಮೆ. ಆದರೆ ಓಡುತ್ತ ಅಗಿಯುವ ಅಭ್ಯಾಸ ಮೊದಲೇ ಮಾಡಿಕೊಂಡಿರಬೇಕು. ಬೇಸಿಗೆಯಾದರೆ ನೀರಿಗೆ ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣು.

ಇನ್ನು ಹೊಟ್ಟೆ ಕರಗುವ ಮಾತು. ತಿನ್ನದೆ ನಿಧಾನ ಓಡುವಾಗ ಇನ್ಸುಲಿನ್ ಕಡಿಮೆ ಇರುವುದರಿಂದ ಕೊಬ್ಬು ಸಲೀಸಾಗಿ ಬಿಡುಗಡೆಯಾಗುತ್ತದೆ, ಆ ಒಂದು ಗಂಟೆಯಲ್ಲಿ ಕೊಬ್ಬು ಜಾಸ್ತಿ ಉರಿಯುತ್ತದೆ. ಇದು ನಿಜ. ಆದರೆ ಮೈ ಲೆಕ್ಕ ಇಡುವುದು ಗಂಟೆಗೆ ಅಲ್ಲ. ಬೆಳಿಗ್ಗೆ ಕೊಬ್ಬು ಜಾಸ್ತಿ ಉರಿಸಿದ ಮೈ ಉಳಿದ ದಿನ ಸಕ್ಕರೆ ಜಾಸ್ತಿ ಉರಿಸಿ ಸರಿದೂಗಿಸಬಹುದು. 2014ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ತಂಡ 20 ಯುವತಿಯರನ್ನು ಎರಡು ಗುಂಪು ಮಾಡಿ, ನಾಲ್ಕು ವಾರ ಒಂದೇ ರೀತಿಯ ವ್ಯಾಯಾಮ ಮಾಡಿಸಿತು. ಒಂದು ಗುಂಪು ತಿಂದು, ಇನ್ನೊಂದು ತಿನ್ನದೆ. ಊಟದಲ್ಲಿ ಇಬ್ಬರಿಗೂ ಒಂದೇ ಅಳತೆಯ ಕಡಿತ. ಎರಡೂ ಗುಂಪುಗಳ ತೂಕ ಇಳಿಯಿತು, ಕೊಬ್ಬು ಇಳಿಯಿತು, ಎರಡರ ನಡುವೆ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಆದರೆ ನಾನು ಕೆರೆ ಏರಿಯ ಮೇಲೆ ನೋಡುತ್ತ ಬಂದಿರುವುದೂ ಅದೇ. ಓಟ ಮುಗಿಸಿ ಗೇಟಿನ ಹೊರಗೆ ಎರಡು ವಡೆ, ಒಂದು ಕಾಫಿ ಆದರೆ ಓಡಿದ್ದರ ಬಹುಪಾಲು ಅಲ್ಲೇ ಮುಗಿಯುತ್ತದೆ.

ಓಡಿ ಬಂದು ತಕ್ಕಡಿ ಹತ್ತಿ ಒಂದು ಕೆಜಿ ಇಳಿದಿದೆ ಎಂದು ಸಂಭ್ರಮ ಪಡುವವರಿಗೂ ಒಂದು ಮಾತು. ಅದರಲ್ಲಿ ಹೆಚ್ಚಿನದು ಬೆವರು. ಗ್ಲೈಕೋಜೆನ್ ಕೂಡ ತನ್ನ ಒಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಅನ್ನ ಬಿಟ್ಟವರ ತೂಕ ಮೊದಲ ವಾರ ಸರ್ರನೆ ಇಳಿಯುವುದು, ಹಬ್ಬದ ಮರುದಿನ ಏರುವುದು ಬಹಳ ಮಟ್ಟಿಗೆ ಈ ನೀರಿನ ಆಟ. ನಾನು ತಕ್ಕಡಿಯ ಮೇಲೆ ನಿಲ್ಲುವುದನ್ನು ಕಡಿಮೆ ಮಾಡಿದ್ದೇನೆ. ಹಳೆ ಚೂಡಿದಾರದ ಸೊಂಟ ಅದಕ್ಕಿಂತ ಸರಿಯಾಗಿ ಹೇಳುತ್ತದೆ.

ಹಾಗಾದರೆ ತಿನ್ನದೆ ಓಡಿ ನನಗೆ ಸಿಕ್ಕಿದ್ದೇನು? ಸಮಯ ಸಿಕ್ಕಿತು. ಹೊಟ್ಟೆ ಹಗುರ. ತಿಂಡಿ ಸ್ವಲ್ಪ ತಡವಾದರೆ ಕೈ ನಡುಗುವ ಹೆದರಿಕೆ ಹೋಯಿತು. ನಿಯಮಿತವಾಗಿ ನಿಧಾನ ಓಡುವುದರಿಂದ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯಾ ಹೆಚ್ಚುತ್ತವೆ, ಕೊಬ್ಬು ಬಳಸುವ ಸಾಮರ್ಥ್ಯ ಬೆಳೆಯುತ್ತದೆ. ಮೊದಲು ಏದುಸಿರು ಬರುತ್ತಿದ್ದ ವೇಗದಲ್ಲಿ ಈಗ ಹರಟೆ ಹೊಡೆಯಬಲ್ಲೆ. ಅದರ ಬಹುಪಾಲು ಶ್ರೇಯ ನಿಧಾನದ ಓಟಕ್ಕೆ, ಬಿಡದೆ ಓಡಿದ್ದಕ್ಕೆ ಸಲ್ಲಬೇಕು. ಖಾಲಿ ಹೊಟ್ಟೆಗೆ ಅಲ್ಲ.

ಕಾಫಿ ಕುಡಿಯಬಹುದಾ ಅಂತ ಕೇಳುತ್ತಾರೆ. ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿ, ಸಕ್ಕರೆ ಇಲ್ಲದೆ ಕುಡಿಯಬಹುದು. ಕೆಫೀನ್‌ನಿಂದ ಓಟ ಹಗುರ ಅನ್ನಿಸುತ್ತದೆ. ಹಾಲು ಸಕ್ಕರೆ ಹಾಕಿದ ಕಾಫಿ ಕುಡಿದರೂ ಆಕಾಶವೇನೂ ಬೀಳುವುದಿಲ್ಲ. ಗ್ಯಾಸ್ಟ್ರಿಕ್ ತೊಂದರೆ ಇರುವವರು ಮಾತ್ರ ಬಿಡುವುದು ಒಳ್ಳೆಯದು.

ಏಕಾದಶಿ, ಶಿವರಾತ್ರಿಯ ಉಪವಾಸವನ್ನು ಇದಕ್ಕೆ ಹೋಲಿಸಬೇಡಿ. ಒಂದು ದಿನ ಪೂರ್ತಿ ಉಂಡಿಲ್ಲ ಅಂದರೆ ಲಿವರ್‌ನ ದಾಸ್ತಾನು ಮುಗಿಯುತ್ತ ಬಂದಿರುತ್ತದೆ, ಮೈ ಕೊಬ್ಬಿನಿಂದ ಕೀಟೋನ್ ತಯಾರಿಸಿ ಮೆದುಳಿಗೂ ಸ್ವಲ್ಪ ಸ್ವಲ್ಪ ಕೊಡತೊಡಗುತ್ತದೆ. ಅಂಥ ದಿನ ನಾನು ನಡೆಯುತ್ತೇನೆ, ಓಡುವುದಿಲ್ಲ.

ಓಟ ಮುಗಿದ ಮೇಲೆ ಒಂದು ಗಂಟೆಯೊಳಗೆ ತಿಂಡಿ ಮಾಡುತ್ತೇನೆ. ಬರೀ ಅವಲಕ್ಕಿ, ಉಪ್ಪಿಟ್ಟು ಸಾಲದು. ಜೊತೆಗೆ ಮೊಟ್ಟೆಯೋ, ಮೊಳಕೆ ಹೆಸರುಕಾಳೋ, ಗಟ್ಟಿ ಮೊಸರೋ ಇರಬೇಕು. ದುಡಿದ ಸ್ನಾಯು ರಿಪೇರಿಯಾಗಲು ಪ್ರೊಟೀನ್ ಬೇಕು. ಪೈಲ್ವಾನರ ಬಾದಾಮಿ ಹಾಲಿನಲ್ಲಿ ಆ ವಿವೇಕ ಇತ್ತು. ನನ್ನ ಹಾಗೆ ಓಡುವ ಹೆಂಗಸರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಬೆಳಿಗ್ಗೆ ತಿನ್ನದೆ ಓಡಿ, ಆಮೇಲೆ ಮನೆಯವರಿಗೆಲ್ಲ ಬಡಿಸಿ, ಹತ್ತೂವರೆಗೆ ಉಳಿದದ್ದು ತಿನ್ನುವುದನ್ನು ನಮ್ಮ ಗುಂಪಿನಲ್ಲೇ ನೋಡಿದ್ದೇನೆ. ಖರ್ಚಿಗೆ ತಕ್ಕಷ್ಟು ತಿನ್ನದೆ ತಿಂಗಳುಗಟ್ಟಲೆ ಹೀಗೆ ನಡೆದರೆ ಮುಟ್ಟು ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ಓಡುವ ಹುಡುಗಿಯರಿಗೆ ಮುಟ್ಟು ನಿಂತರೆ ಅದು ವ್ಯಾಯಾಮದಲ್ಲಿ ಸಹಜ ಅಂತ ಬಿಡಬಾರದು, ಡಾಕ್ಟರಿಗೆ ತೋರಿಸಬೇಕು. ಬಸುರಿಯರಿಗೆ, ಬೆಳೆಯುವ ಮಕ್ಕಳಿಗೆ ಖಾಲಿ ಹೊಟ್ಟೆಯ ಓಟ ನಾನಂತೂ ಹೇಳುವುದಿಲ್ಲ.

ಶುಗರ್ ಮಾತ್ರೆ ತೆಗೆದುಕೊಳ್ಳುವವರ ವಿಷಯ ಇನ್ನೂ ಸೂಕ್ಷ್ಮ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ತೀರಾ ಇಳಿಯುವ ಭಯ ಕಡಿಮೆ. ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ, ಸಕ್ಕರೆ ಇಳಿಯುತ್ತಿದ್ದರೂ ಔಷಧ ತನ್ನ ಕೆಲಸ ನಿಲ್ಲಿಸುವುದಿಲ್ಲ. ಅಂಥವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಜೇಬಿನಲ್ಲಿ ಸಕ್ಕರೆ ಇರಬೇಕು. ನಡುಕ, ಬೆವರು, ಮಂಕು ಬಂದರೆ ತಕ್ಷಣ ಮೂರು ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕಲಸಿ ಕುಡಿದು ಕೂತುಬಿಡಬೇಕು. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಂದು ಸಲ.

ಅಮ್ಮ ತೆಗೆದುಕೊಳ್ಳುವುದು ಆ ಎರಡನೆಯ ಬಗೆಯ ಮಾತ್ರೆ. "ನೀನು ಓಡ್ತೀಯಲ್ಲ, ನಾನೂ ಬೆಳಿಗ್ಗೆನೇ ಬರ್ತೀನಿ ಕಣೇ" ಎಂದು ಒಮ್ಮೆ ಹೊರಟಿದ್ದರು. ಡಾಕ್ಟರನ್ನು ಕೇಳಿ, ಅವರ ವಾಕಿಂಗನ್ನು ತಿಂಡಿ ಆದ ಅರ್ಧ ಗಂಟೆಗೆ ಇಟ್ಟೆವು. ಮನೆ ಮುಂದಿನ ರಸ್ತೆಯಲ್ಲೇ ಇಪ್ಪತ್ತು ನಿಮಿಷ. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳಬಲ್ಲದು. ತಿಂದ ಮೇಲೆ ಏರುವ ಸಕ್ಕರೆಯನ್ನು ತಗ್ಗಿಸಲು ಅವರಿಗೆ ಬೇಕಿದ್ದದ್ದು ಅದೇ. ಎರಡು ದೋಸೆ ತಿಂದು ಕೂತ ದಿನಕ್ಕೂ, ಅವೇ ಎರಡು ದೋಸೆ ತಿಂದು ನಡೆದ ದಿನಕ್ಕೂ ಮೆಷಿನ್‌ನಲ್ಲಿ ವ್ಯತ್ಯಾಸ ಎದ್ದು ಕಂಡಿತು. ಈಗ ತಿಂಡಿ ತಟ್ಟೆ ತೊಳೆದಿಟ್ಟವರೇ ಚಪ್ಪಲಿ ಹಾಕಿಕೊಳ್ಳುತ್ತಾರೆ.